ಮಾತು ಬಾರದ ಮಾಸ್ತರು

ಫಕೀರ ಮತ್ತೆ ತಿರುಗಲು ಶುರು ಮಾಡಿದ್ದ.

ಇದು ಹದಿನೇಳನೆಯ ಅಧ್ಯಾಯ, ಅವನ ಏಳನೆಯ ತಿರುಗಾಟ. ಎರಡೂ ಕೈ ಚಾಚಿ, ಕಣ್ಣು ಮುಚ್ಚಿ, ಬೆಳದಿಂಗಳಲ್ಲಿ ಮಲಪ್ರಭೆಯ ದಂಡೆಯ ಮೇಲೆ ಗಿರಗಿರ ತಿರುಗುತ್ತಿದ್ದ. ಪಕ್ಕದಲ್ಲಿ ಗುಲಾಬಿ ತೋಟ, ಅದರಾಚೆ ನಿಂತು ನೋಡುವ ಒಂದು ಒಂಟೆ. ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಮಾಸ್ತರ, ಈ ಒಂಟಿ ಎಲ್ಲಿಂದ ಬಂತ್ರಿ?"

"ವ್ಯಾಪಾರಸ್ಥರ ಜೋಡಿ ಬಂದದ್ರಿ ಮೇಡಂ," ಎಂದರು ನನ್ನ ಎಡಭುಜದ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಸಂಜು ಮಾಸ್ತರು.

"ಸವದತ್ತಿಗೆ?"

"ಆಗಿನ ಕಾಲದಾಗ ಬರ್ತಿದ್ದಿರಬಹುದಲ್ರಿ."

"ಬಂತು ಅಂತ ಇಟಗೋಳ್ರಿ. ಎರೀ ಹೊಲದ ಕೆಸರಾಗ ಅದರ ಕಾಲ ಸಿಕ್ಕೊಂಡ್ರ ಎಳಿಯೋರ್ಯಾರು? ನಿಮ್ಮ ಫಕೀರ ಅಂತೂ ಎಳಿಯೂದಿಲ್ಲ. ಅಂವಗ ತಿರಗೂದರಾಗ ಪುರಸೊತ್ತಿಲ್ಲ."

ಅವರು ನಕ್ಕರು. ನಗುವಾಗ ನನ್ನ ಕಡೆ ನೋಡಲಿಲ್ಲ. ಅವರು ನನ್ನನ್ನು ನೇರವಾಗಿ ನೋಡುವುದೇ ಇಲ್ಲ. ನಾನು ಟೈಪ್ ಮಾಡುವುದನ್ನು ನಿಲ್ಲಿಸಿದಾಗ ಕಂಪ್ಯೂಟರಿನ ಪರದೆ ಕಪ್ಪಾಗುತ್ತದಲ್ಲ, ಆಗ ಅದರಲ್ಲಿ ಮೂಡುವ ನನ್ನ ಮುಖವನ್ನು ನೋಡುತ್ತಾರೆ. ಇದು ನನಗೆ ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಗೊತ್ತಾದ ದಿನವೇ ಪರದೆ ಒಂದು ನಿಮಿಷಕ್ಕೆ ಕಪ್ಪಾಗುವಂತೆ ಸೆಟ್ ಮಾಡಿಟ್ಟೆ. ಇದು ಅವರಿಗೆ ಗೊತ್ತಿಲ್ಲ. ಗೊತ್ತಾದರೆ ಅದರ ಮೇಲೂ ಒಂದು ಅಧ್ಯಾಯ ಬರೆದುಕೊಂಡು ಬರುತ್ತಾರೆ, ಅದನ್ನೂ ನಾನೇ ಟೈಪ್ ಮಾಡಬೇಕು.

ನಾನು ಮಹಾನಂದಾ. ಊರು ಚಚಡಿ. ಬೈಲಹೊಂಗಲದ ಪೇಟೆಯಲ್ಲಿರುವ ನಿಜಗುಣಪ್ಪ ಕಾಕಾನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಏಳು ವರ್ಷದಿಂದ ಡಿಟಿಪಿ ಕೆಲಸ. ಮದುವೆ ಕಾರ್ಡು, ತೊಟ್ಟಿಲು ಕಾರ್ಯಕ್ರಮದ ಬ್ಯಾನರು, ಸೊಸೈಟಿಯ ವಾರ್ಷಿಕ ವರದಿ, ನಡುನಡುವೆ ಯಾರಾದರೂ ಬರೆದ ಪುಸ್ತಕ. ಸಂಜು ಮಾಸ್ತರು ಕಟಕೋಳದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ಅತಿಥಿ ಶಿಕ್ಷಕರು. ಎರಡು ವರ್ಷದ ಹಿಂದಿನ ಒಂದು ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ, ಎರಡು ಬಸ್ಸು ಬದಲಿಸಿ, ಗೊಬ್ಬರದಂಗಡಿಯ ಕೈಚೀಲದಲ್ಲಿ ನಾನೂರು ಪುಟದ ಹಸ್ತಪ್ರತಿ ತಂದು ನನ್ನ ಮುಂದಿಟ್ಟರು. ಕಾದಂಬರಿಯ ಹೆಸರು 'ಚಂದಿರನ ಫಕೀರ'. ಕಿತ್ತೂರು ಸಂಸ್ಥಾನದ ಕಾಲದಲ್ಲಿ ನಮ್ಮ ಸೀಮೆಯಲ್ಲಿದ್ದ ಕಂಬಳಿಶಾ ವಲಿ ಎಂಬ, ಜನ ಕಂಬಳಿ ಅಜ್ಜ ಎನ್ನುವ ಸೂಫಿ ಸಂತನ ಕತೆ.

ಅಂದಿನಿಂದ ಇಂದಿನವರೆಗೆ ಹದಿಮೂರು ಪ್ರೂಫು ತೆಗೆದಿದ್ದೇನೆ. ಯಾವ ಪುಸ್ತಕಕ್ಕೂ ಹದಿಮೂರು ಪ್ರೂಫು ಬೇಕಾಗುವುದಿಲ್ಲ. ಪ್ರತಿ ಶನಿವಾರ ಒಂದು ಪುಟ ತೆಗೆಸುತ್ತಾರೆ, ಎರಡು ಪುಟ ಸೇರಿಸುತ್ತಾರೆ, ಒಂದು ಕಪ್ ಚಹಾ ಕುಡಿಯುತ್ತಾರೆ, ಕಪ್ಪು ಪರದೆ ನೋಡುತ್ತಾರೆ, ಸಂಜೆಯ ಬಸ್ಸು ಹಿಡಿದು ಹೋಗುತ್ತಾರೆ. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು.

ಇಂಥ ಕಾದಂಬರಿ ನಾನು ಟೈಪ್ ಮಾಡಿದ್ದು ಇದೇ ಮೊದಲಲ್ಲ. ಈಗಿನ ಐತಿಹಾಸಿಕ ಕಾದಂಬರಿಗಳ ಸೂಫಿಗಳೆಲ್ಲ ಒಬ್ಬನೇ ದರ್ಜಿಯ ಹತ್ತಿರ ಅಂಗಿ ಹೊಲಿಸಿದವರ ಹಾಗಿರುತ್ತಾರೆ. ಬಿಳಿ ನಿಲುವಂಗಿ, ಉದ್ದ ಟೋಪಿ. ಅವರಿಗೆ ಹಸಿವಾಗುವುದಿಲ್ಲ, ನೆಗಡಿ ಬರುವುದಿಲ್ಲ. ಬಾಯಿ ಬಿಟ್ಟರೆ ವಾಟ್ಸಾಪ್ ಸ್ಟೇಟಸ್ಸಿಗೆ ಇಡುವಂಥ ಒಂದು ಸಾಲು. ಮಾಸ್ತರ ಫಕೀರನಂತೂ ಬಾಯಿಯನ್ನೇ ಬಿಡುವುದಿಲ್ಲ. ಅವನು ಮೌನಿ. ಕಿತ್ತೂರಿನ ಸಿಪಾಯಿಯೊಬ್ಬನ ಮಗಳು ನೀಲವ್ವ ಅವನನ್ನು ಪ್ರೀತಿಸಿ ಇನ್ನೂರು ಪುಟ ಅಳುತ್ತಾಳೆ. ಅವನು ಅವಳನ್ನು ನೋಡುತ್ತಾನೆ, ಚಂದ್ರನನ್ನು ನೋಡುತ್ತಾನೆ, ತಿರುಗುತ್ತಾನೆ.

"ಕಡೀ ಅಧ್ಯಾಯ ಬದಲ ಮಾಡೇನ್ರಿ," ಎಂದು ಮಾಸ್ತರು ಎರಡು ಹಾಳೆ ಕೊಟ್ಟರು.

ಓದಿದೆ. ನೀಲವ್ವನನ್ನು ನದಿಯ ದಂಡೆಯಲ್ಲಿ ಬಿಟ್ಟು ಫಕೀರ ಹೊರಟುಹೋಗುತ್ತಾನೆ. ಒಂದು ಮಾತೂ ಇಲ್ಲ. ಕೊನೆಯ ಸಾಲು: ಕೂಡುವುದು ಪ್ರೇಮದ ಕೊನೆ, ಕಾಯುವುದೇ ಪ್ರೇಮ.

ಆ ವಾರವಿಡೀ ಹೇಗೆ ಹೇಳಲಿ ಎಂದು ಹವಣಿಸುತ್ತಿದ್ದ ಮಾತು ತಾನಾಗಿಯೇ ಹೊರಗೆ ಬಂತು.

"ಮಾಸ್ತರ, ನಾಳಿ ಬಿಟ್ಟ ಮುಂದಿನ ಐತವಾರ ನನ್ನ ನೋಡಾಕ ರಾಮದುರ್ಗದಿಂದ ಬರಾಕತ್ತಾರ."

ಅವರ ಕೈಯಿಂದ ಪೆನ್ನಿನ ಕ್ಯಾಪು ಬಿತ್ತು. ಎತ್ತಿಕೊಳ್ಳಲು ಬಗ್ಗಿದರು. ಒಂದು ಕ್ಯಾಪು ಎತ್ತಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಟೇಬಲ್ಲಿನ ಕೆಳಗೇ ಇದ್ದರು.

"ಚಲೋ ಆತಲ್ರಿ," ಎಂಬ ದನಿ ಕೆಳಗಿನಿಂದ ಬಂತು.

"ಹುಡುಗನ ಹೆಸರ ನಿಂಗರಾಜ. ಕಿರಾಣಿ ಅಂಗಡಿ ಐತಿ. ಫೋನಿನಾಗ ಎರಡ ಸಲ ಮಾತಾಡ್ಯಾನ. ಮಾತಾಡತಾನ್ರಿ ಅಂವಾ, ಚಲೋತಂಗ ಮಾತಾಡತಾನ. ಅಪ್ಪಾ ಈ ಸಲ ಕಡಾಖಂಡಿತ ಹೇಳ್ಯಾನ, ಐತವಾರ ಹೂಂ ಅನ್ನು, ಇಲ್ಲಾ ಊಹೂಂ ಅನ್ನು, ಸುಮ್ಮಕ ಒಳಗ ಹೋಗಿ ಬಾಗಲಾ ಹಾಕೋಬ್ಯಾಡ ಅಂತ."

ಮಾಸ್ತರು ಎದ್ದು ಕೂತರು. ಕಿವಿ ಕೆಂಪಗಾಗಿದ್ದವು. ಪರದೆ ಕಪ್ಪಾಯಿತು. ಅದರಲ್ಲಿ ನಮ್ಮಿಬ್ಬರ ಮುಖವೂ ಇತ್ತು, ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಈಗ ಹೇಳುತ್ತಾರೆ ಅಂದುಕೊಂಡೆ. ನನ್ನ ಕೈಬಳೆಯ ಸದ್ದು ಕೂಡ ಆಗದಂತೆ ಕೂತೆ.

"ಆ ಕಡೀ ಸಾಲು," ಎಂದರು ಅವರು, "ದಪ್ಪ ಅಕ್ಷರದಾಗ ಹಾಕೋಣೇನ್ರಿ?"

ನಾನು ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು.

"ಫಕೀರ ಹೊಂಟ ಹೋಗಾಕ ಮದಲ ನೀಲವ್ವನ್ನ ಒಂದ ಮಾತ ಕೇಳಿದ್ನೇನ್ರಿ? ಅಕಿಗೆ ಬರೇ ಕಾಯೂದ ಸಾಕಾಗೇತಿ ಅಂತ ಯಾರ ಹೇಳ್ಯಾರ ನಿಮಗ? ಧೈರ್ಯ ಇಲ್ಲದ್ದಕ್ಕ ಸೂಫಿ ಅಂತ ಹೆಸರ ಇಟ್ಟೀರಿ ನೀವು. ಹೋಗ್ಲಿ, ಕಂಬಳಿ ಅಜ್ಜನ ದರ್ಗಾಕ್ಕರ ಒಮ್ಮೆ ಹೋಗೀರಿ?"

"ಇಲ್ರಿ ಮೇಡಂ."

"ಇಲ್ಲಾ? ನಮ್ಮ ಚಚಡಿ ಆಚೆ ಎರಡ ಮೈಲಿ ಐತಿ! ಎರಡ ವರ್ಷ ವಾರಾ ವಾರಾ ಅದರ ಮುಂದ ಬಸ್ಸಿನಾಗ ಹಾದ ಬರ್ತೀರಿ!"

"ನೋಡಿದ್ರ ಕಲ್ಪನಾ ಕೆಡತೈತಿ ಅಂತ..."

ಕಟಿಂಗ್ ಮಷೀನಿನ ಹಿಂದಿನಿಂದ ನಿಜಗುಣಪ್ಪ ಕಾಕಾ ಇಣುಕಿ ನೋಡಿ, ನನ್ನ ಮುಖ ಕಂಡು, ತಲೆ ಒಳಗೆ ಎಳೆದುಕೊಂಡ.

"ಗುರುವಾರ ರಜಾ ಹಾಕ್ರಿ," ಎಂದೆ. "ಹತ್ತಕ್ಕ ಚಚಡಿ ಸ್ಟ್ಯಾಂಡಿಗೆ ಬರ್ರಿ. ಬರೂಮುಂದ ಸಕ್ಕರಿ ತರ್ರಿ."

ಗುರುವಾರ ಅವರು ಬಂದರು. ಖಾದಿ ಜುಬ್ಬಾ, ಹೆಗಲಿಗೆ ಜೋಳಿಗೆಯಂಥ ಚೀಲ, ಕೈಯಲ್ಲಿ ನೋಟ್‌ಬುಕ್ಕು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಗುಲಾಬಿ ಹೂ. ಸಕ್ಕರೆ ಮಾತ್ರ ಇರಲಿಲ್ಲ.

"ಗುಲಾಬಿ ತಂದೇನಲ್ರಿ," ಎಂದರು ಅಳುಕುತ್ತ.

ನಾನು ಏನೂ ಅನ್ನದೆ ಅಂಗಡಿಗೆ ಹೋಗಿ ಸಕ್ಕರೆ ಕಟ್ಟಿಸಿಕೊಂಡು ಬಂದು ಅವರ ಕೈಗೆ ಇಟ್ಟೆ. ನಮ್ಮ ಕಡೆ ದರ್ಗಾಕ್ಕೆ ಹೋಗುವವರು ಸಕ್ಕರೆ ಓದಿಸುತ್ತಾರೆ. ದರ್ಗಾ ನೋಡಿಕೊಳ್ಳುವ ಮುಜಾವರರು ಅದನ್ನು ಸಂತನ ಮುಂದಿಟ್ಟು ಮಂತ್ರಿಸಿ ಕೊಡುತ್ತಾರೆ. ನಮ್ಮ ಅಜ್ಜಿ, ಆಯಿ ಶಟ್ಟೆವ್ವ, ಸೋಮವಾರ ಈಶ್ವರನ ಗುಡಿಗೆ ಎಷ್ಟು ನಿಷ್ಠೆಯಿಂದ ಹೋಗುತ್ತಾಳೋ ಗುರುವಾರ ಕಂಬಳಿ ಅಜ್ಜನ ಹತ್ತಿರ ಅಷ್ಟೇ ನಿಷ್ಠೆಯಿಂದ ಹೋಗುತ್ತಾಳೆ. ಇಷ್ಟು ಗೊತ್ತಿಲ್ಲದ ಮನುಷ್ಯ ನಾನೂರು ಪುಟ ಬರೆದಿದ್ದ.

ಟಂಟಂ ರಿಕ್ಷಾದಲ್ಲಿ ಎದುರುಬದುರು ಕೂತೆವು. ಎರಡೂ ಕಡೆ ಕಡಲೆಯ ಹೊಲ. ತಗ್ಗು ಬಂದಾಗಲೆಲ್ಲ ಅವರ ಮೊಣಕಾಲು ನನ್ನ ಮೊಣಕಾಲಿಗೆ ತಾಕುತ್ತಿತ್ತು. ತಾಕಿದಾಗಲೆಲ್ಲ "ಸಾರಿ ರೀ" ಅನ್ನುತ್ತಿದ್ದರು. ಆ ರಸ್ತೆಯಲ್ಲಿ ಬಹಳ ತಗ್ಗುಗಳಿವೆ. ಹದಿನೈದನೆಯ 'ಸಾರಿ'ಗೆ ನಾನು ಹೊರಗೆ ಮುಖ ತಿರುಗಿಸಿದೆ, ನಗು ಬರುತ್ತಿತ್ತು, ಸಿಟ್ಟಿನಲ್ಲಿದ್ದವಳು ನಗಬಾರದಲ್ಲ.

ದರ್ಗಾ ಕಂಡು ಅವರು ನಿಂತುಬಿಟ್ಟರು. ನಮ್ಮೆಲ್ಲರ ಮನೆಗಳಷ್ಟೇ ಎತ್ತರದ ಒಂದು ಕಟ್ಟಡ, ಹಸಿರು ಬಣ್ಣ, ಪತ್ರಾಸಿನ ತಗಡು ಹೊದಿಸಿದ ಪಡಸಾಲೆ, ಒಂದು ಬೇವಿನ ಗಿಡ. ಗೋರಿಯ ಮೇಲೆ ಜರಿಯ ಚಾದರ ಇರಲಿಲ್ಲ, ಒರಟಾದ ಕರಿಯ ಕಂಬಳಿ ಇತ್ತು. ಪಡಸಾಲೆಯ ತುಂಬ ಹೆಂಗಸರು, ಮಕ್ಕಳು. ಏನು ಗದ್ದಲ! ಒಬ್ಬಳು ಮಗುವಿಗೆ "ಅವ್ವಾ ಅನ್ನು, ಅವ್ವಾ" ಎಂದು ಕಲಿಸುತ್ತಿದ್ದಳು. ಇನ್ನೊಬ್ಬಳ ಮಗು ಕಂಬಕ್ಕೆ ಆತುಕೊಂಡು ಸುಮ್ಮನೆ ಬೆರಳು ಚೀಪುತ್ತಿತ್ತು.

"ಇಷ್ಟ ಗದ್ದಲ ಯಾಕ್ರಿ?" ಎಂದು ಕೇಳಿದರು ಮಾಸ್ತರು.

ಮೆಟ್ಟಿಲ ಮೇಲೆ ಕೂತಿದ್ದ ಕೆಂಚವ್ವ ಎಂಬ ಮುದುಕಿ ತನ್ನ ಮೊಮ್ಮಗಳನ್ನು ತೊಡೆಯ ಮೇಲೆ ಸರಿಸಿಕೊಂಡು, "ಗದ್ದಲ ಅಂದ್ರ ಅಜ್ಜಗ ಜೀವ ರೀ," ಎಂದಳು. "ಅಂವ ಕುರಿ ಹಿಂಡಿನ ಜೋಡಿ ಅಡ್ಯಾಡಾಂವ. ಮಾತಿನ ಮಲ್ಲ. ಒಂದ ಮನಿ ಮುಂದ ಭಿಕ್ಷಾಕ ನಿಂತಾಗ ಅಲ್ಲಿ ಒಂದು ಕೂಸಿಗೆ ಮಾತ ಬರ್ತಿರಲಿಲ್ಲಂತ. ಭಿಕ್ಷಾಕ ಬಂದ ಸಕ್ಕರಿ ಹಂಗ ಅದರ ನಾಲಿಗಿ ಮ್ಯಾಲ ಇಟ್ಟ. ಕೂಸು 'ಇನ್ನಷ್ಟ ಕೊಡು' ಅಂತು. ಅವತ್ತಿನಿಂದ ಮಾತ ಬರದ ಹುಡುಗರ್ನೆಲ್ಲಾ ಇಲ್ಲೇ ಕರಕೊಂಡ ಬರೂದು."

ಮಾಸ್ತರು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ನೋಟ್‌ಬುಕ್ಕು ತೆರೆಯಲಿಲ್ಲ.

"ಮಾತ ಕೊಡೂ ಅಜ್ಜನ್ನ ನಾ ಮೌನಿ ಮಾಡಿಟ್ಟೀನಿ," ಎಂದರು ಮೆಲ್ಲಗೆ. "ಇಡೀ ಪುಸ್ತಕ ಸುಳ್ಳ ಆತಲ್ರಿ."

ಎರಡು ವರ್ಷದಲ್ಲಿ ಅವರು ಆಡಿದ ಮೊದಲ ನಿಜವಾದ ಮಾತು ಅದು ಎನಿಸಿತು. ನನ್ನ ಸಿಟ್ಟು ಸ್ವಲ್ಪ ಇಳಿಯಿತು. ಬಿಸಿಲಿಗೆ ಅವರ ಹಣೆಯ ಮೇಲೆ ಬೆವರು ಮೂಡಿತ್ತು, ಜುಬ್ಬಾದ ಒಂದು ಗುಂಡಿ ಕಿತ್ತುಹೋಗಿತ್ತು. ಅಯ್ಯೋ ಪಾಪ ಎನಿಸಿತು, ಮುದ್ದೂ ಎನಿಸಿತು.

"ನನಗೂ ಐದ ವರ್ಷ ಆಗೂತನಕ ಮಾತ ಬಂದಿರಲಿಲ್ಲ," ಎಂದೆ. "ಆಯಿ ಇಲ್ಲೇ ಕರಕೊಂಡ ಬಂದಿದ್ಲು. ಅವತ್ತ ಚಾಲೂ ಆದದ್ದು ಇನ್ನೂ ನಿಂತಿಲ್ಲ ಅಂತ ಅವ್ವ ಬೈತಾಳ."

ಅವರು ತಲೆ ಎತ್ತಿ, "ನಿಲ್ಲಬಾರದ್ರಿ ಅದು," ಎಂದರು.

ಅಷ್ಟೇ. ಮುಂದೆ ಇನ್ನೊಂದು ಮಾತು ಬರುತ್ತದೆಂದು ಕಾದೆ. ಬರಲಿಲ್ಲ. ಸಕ್ಕರೆ ಓದಿಸುವವರ ಸಾಲು ಮುಂದಕ್ಕೆ ಸರಿಯಿತು.

ಮುಜಾವರ ರಾಜೇಸಾಬ ಚಾಚಾ ಗೋರಿಯ ಪಕ್ಕ ಕೂತಿದ್ದರು. ಇಲ್ಲಿ ಮನಸ್ಸಿನಲ್ಲಿ ಬೇಡಿಕೊಂಡು ಹೋಗುವ ಹಾಗಿಲ್ಲ. ಯಾರ ಹೆಸರಿಗೆ, ಏನು ಬೇಡಿಕೆ ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಿದ ಮೇಲೆಯೇ ಚಾಚಾ ಸಕ್ಕರೆಗೆ ಕೈ ಹಾಕುವುದು. ಇದೊಂದಕ್ಕಾಗಿಯೇ ನಾನು ಮಾಸ್ತರನ್ನು ಕರೆತಂದಿದ್ದೆ. ಒಪ್ಪಿಕೊಳ್ಳುತ್ತೇನೆ.

"ಏನ ಬೇಡಿಕಿ ಹೇಳ್ರಿ ಸರ್," ಎಂದರು ಚಾಚಾ.

ಮಾಸ್ತರು ನನ್ನ ಕಡೆ ನೋಡಿದರು. ಕಂಬಳಿಯ ಕಡೆ ನೋಡಿದರು. ಗಂಟಲು ಸರಿ ಮಾಡಿಕೊಂಡರು.

"ಪುಸ್ತಕ," ಎಂದರು. "ಪುಸ್ತಕ ಚಲೋತಂಗ ಮುಗೀಲಿ ಅಂತ."

ಸಾಕಾಯಿತು. ನಾನು ಚಾಚಾನ ಕೈಯಿಂದ ಸಕ್ಕರೆ ಪೊಟ್ಟಣ ತೆಗೆದುಕೊಂಡು ಮತ್ತೆ ಅವರ ಮುಂದೆ ಟಪ್ಪನೆ ಇಟ್ಟೆ.

"ಚಾಚಾ, ಇದು ಪುಸ್ತಕಕ್ಕಲ್ಲ. ಇವರಿಗೆ ಮಾತ ಬರೂದಿಲ್ಲ. ಇವರಿಗೆ ಮಾತ ಬರ್ಲಿ ಅಂತ ಓದ್ರಿ."

ಚಾಚಾ ಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ವಯಸ್ಸೆಷ್ಟವಾ ಹುಡುಗಂದು?"

"ಮೂವತ್ನಾಕು."

ಪಡಸಾಲೆಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಕೆಂಚವ್ವ ಸೆರಗನ್ನೂ ಒತ್ತಿಕೊಳ್ಳದೆ ನಕ್ಕಳು. ಮಾಸ್ತರು ಓಡಿಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಐದು ವರ್ಷದ ಮಕ್ಕಳ ಸಾಲಿನಲ್ಲಿ, ಕೈ ಕಟ್ಟಿಕೊಂಡು, ತಲೆ ಬಗ್ಗಿಸಿ ನಿಂತರು. ಚಾಚಾ ಕಣ್ಣು ಮುಚ್ಚಿ, ಅವಸರವಿಲ್ಲದೆ, ಬೇರೆ ಯಾವ ಮಗುವಿಗೆ ಓದುತ್ತಾರೋ ಹಾಗೆಯೇ ಓದಿದರು.

"ಕರಕೊಂಡ ಬಂದವ್ರೇ ಹಾಕಬೇಕವಾ," ಎಂದು ಪೊಟ್ಟಣ ನನಗೆ ಕೊಟ್ಟರು.

ಚಿಟಿಕೆ ಸಕ್ಕರೆ ತೆಗೆದುಕೊಂಡೆ. ಮಾಸ್ತರು ಬಾಯಿ ತೆರೆದರು. ನನ್ನ ಬೆರಳ ತುದಿಗೆ ಅವರ ತುಟಿ ತಾಕಿತು, ಉಸಿರು ತಾಕಿತು. ಆಗ ಅವರು ನನ್ನನ್ನು ನೋಡಿದರು. ನಡುವೆ ಯಾವ ಪರದೆಯೂ ಇರಲಿಲ್ಲ. ಅವರ ಕಣ್ಣು ಜೇನಿನ ಬಣ್ಣದವು ಎಂದು ನನಗೆ ಅಂದೇ ಗೊತ್ತಾಯಿತು. ಆ ಕಣ್ಣು ತುಂಬಿಕೊಂಡವು, ರೆಪ್ಪೆ ಅಲುಗಿತು. ನನ್ನ ಮೈಯೆಲ್ಲ ಕಾದಂತಾಯಿತು.

ಆದರೂ ಮಾತು ಬರಲಿಲ್ಲ.

"ಚಾಚಾ, ಇನ್ನೂ ಮಾತಾಡವಲ್ರು!" ಎಂದು ದೂರಿದೆ. ನನ್ನ ದನಿ ಒಡೆದಿತ್ತು.

ಚಾಚಾ ಪೊಟ್ಟಣದಲ್ಲಿ ಉಳಿದಿದ್ದನ್ನು ತೋರಿಸಿ, "ಉಳದದ್ದು ನೀ ಬಾಯಾಗ ಹಾಕೋ," ಎಂದರು. "ತಾಯಿ ಮಾತಾಡಿಸಿದ್ರಲ್ಲೇನು ಕೂಸಿಗೆ ಮಾತ ಬರೂದು? ಅವರೇ ಹೇಳಬೇಕು, ಅವರೇ ಹೇಳಬೇಕು ಅಂತ ಕುಂತೀ. ನೀ ಏನರ ಹೇಳೀಯೇನು ಅವರಿಗೆ?"

ಹೇಳಿದ್ದೇನೆ ಎನ್ನಲು ಬಾಯಿ ತೆರೆದೆ. ಎರಡು ವರ್ಷ ಬಾಯಿ ಮುಚ್ಚಿಲ್ಲ ನಾನು. ಒಂಟೆಯ ಬಗ್ಗೆ ಹೇಳಿದ್ದೆ, ಗುಲಾಬಿಯ ಬಗ್ಗೆ ಹೇಳಿದ್ದೆ, ಅಲ್ಪವಿರಾಮದ ಬಗ್ಗೆಯೂ ಜಗಳವಾಡಿದ್ದೆ. ಇದನ್ನು ಹೇಳಿರಲಿಲ್ಲ. ಕಪ್ಪು ಪರದೆಯಲ್ಲಿ ಕಳ್ಳನ ಹಾಗೆ ಅವರೊಬ್ಬರೇ ನೋಡುತ್ತಿರಲಿಲ್ಲ, ನಾನೂ ನೋಡುತ್ತಿದ್ದೆ. ನನ್ನ ಮೇಲೆಯೇ ನನಗೆ ಎಂಥ ಸಿಟ್ಟು ಬಂತೆಂದರೆ ಉಳಿದ ಸಕ್ಕರೆಯನ್ನೆಲ್ಲ ಒಂದೇ ಸಲ ಬಾಯಿಗೆ ಸುರಿದುಕೊಂಡೆ.

"ಮಾಸ್ತರ," ಎಂದೆ, ಬಾಯಿ ತುಂಬ ಸಕ್ಕರೆ. "ನಾಕ ಗಂಡುಗಳನ್ನ ಒಲ್ಲೆ ಅಂದದ್ದು ನಿಮ್ಮ ಸಲವಾಗಿ. ಶನಿವಾರ ಬಂತಂದ್ರ ಮುಂಜಾನಿಂದ ರಸ್ತಾ ನೋಡ್ತೀನಿ. ನನಗ ನೀವ ಬೇಕು. ನಿಮಗ ನಾ ಬ್ಯಾಡ ಆಗಿದ್ರ ಬ್ಯಾಡ ಅಂತ ಹೇಳ್ರಿ. ಅಳತೀನಿ, ಊಟಾ ಬಿಡತೀನಿ, ಆಮ್ಯಾಲೆ ಸುಮ್ಮನ ಆಗ್ತೀನಿ. ಚಂದ್ರ, ಬೆಳದಿಂಗಳಾ ಅಂತ ಹೇಳಿ ನನ್ನ ದಂಡಿ ಮ್ಯಾಲ ನಿಲ್ಲಿಸಿ ಹೋಗಬ್ಯಾಡ್ರಿ."

ಪಡಸಾಲೆಯಲ್ಲಿ ಯಾರೂ ನಗಲಿಲ್ಲ.

"ನಂದು ಕಾಯಂ ನೌಕರಿ ಅಲ್ರಿ," ಎಂದರು ಮಾಸ್ತರು.

"ಗೊತ್ತೈತಿ."

"ಮಾರ್ಚದಾಗ ತಗದ್ರ ಜೂನತನಕ ಮನ್ಯಾಗ ಕೂಡಬೇಕು. ಕರದ್ರ ಮತ್ತ ಹೋಗೂದು. ಎರಡ ಕಡೆ ಕನ್ಯಾ ಕೇಳಿದ್ವಿ, ಇದಕ್ಕ ಬ್ಯಾಡ ಅಂದ್ರು. ಮೂರನೇದ್ದು ನೀವ ಬ್ಯಾಡ ಅಂದಬಿಟ್ರ ಅಂತ ಅಂಜಿಕಿ ಆತು. ಪುಸ್ತಕ ಹೋದ ದೀಪಾವಳಿಗೇ ಮುಗದಿತ್ರಿ. ಮುಗೀತು ಅಂದ್ರ ಬರಾಕ ನೆವಾ ಇರೂದಿಲ್ಲ. ನೀವು ಜಗಳಾ ತಗೀಲಿ ಅಂತ ವಾರಕ್ಕೊಂದ ತಪ್ಪ ಹುಡುಕಿ ಸೇರಸ್ತಿದ್ದೆ. ಕಾಯೂದ ದೊಡ್ಡದು ಅಂತ ಬರದದ್ದು ನನಗ ನಾನ ಹೇಳ್ಕೊಂಡ ಸುಳ್ಳು. ಏನೂ ದೊಡ್ಡದಲ್ರಿ ಅದು. ಭಾಳ ತ್ರಾಸ ಐತಿ."

ಅವರು ಉಸಿರು ತೆಗೆದುಕೊಂಡರು.

"ನನಗ ನೀವ ಬೇಕು, ಮಹಾನಂದಾ."

ಎರಡು ವರ್ಷ! ಹದಿಮೂರು ಪ್ರೂಫು! ಅತ್ತೆನೋ ನಕ್ಕೆನೋ ನೆನಪಿಲ್ಲ. ಕೆಂಚವ್ವ ನಮ್ಮಿಬ್ಬರನ್ನೂ ಮೊಣಕೈಯಿಂದ ಪಕ್ಕಕ್ಕೆ ಸರಿಸಿ, "ನಿಮ್ಮದು ಮುಗೀತಿಲ್ಲ? ನಮ್ಮ ಹುಡುಗೀದು ಐತ್ರಿ," ಎಂದು ಮುಂದೆ ಹೋದಳು.

ಬೇವಿನ ಗಿಡದ ಕೆಳಗೆ ಬಂದ ಮೇಲೆ ಮಾಸ್ತರು, "ಐತವಾರ ರಾಮದುರ್ಗದವ್ರು ಬರೂದರಾಗ ನಾನ ಬಂದು ನಿಮ್ಮ ಅಪ್ಪಾರ ಕಡೆ ಮಾತಾಡ್ತೇನ್ರಿ," ಎಂದರು.

"ಐತವಾರ ಯಾಕ? ಇವತ್ತ ಗುರುವಾರ. ಅಪ್ಪ ಮನ್ಯಾಗ ಅದಾನ."

"ಈಗಾ? ಸ್ವಲ್ಪ ತಯಾರಿ ಮಾಡ್ಕೊಂಡು..."

"ಮಾಸ್ತರ!"

"ನಡೀರಿ, ನಡೀರಿ," ಎಂದು ಅವರು ನನಗಿಂತ ಮುಂದೆ ಟಂಟಂ ಹತ್ತಿ ಕೂತರು. ಈ ಸಲ ತಗ್ಗು ಬಂದಾಗ ಸಾರಿ ಅನ್ನಲಿಲ್ಲ.

ಅಪ್ಪ ಪಡಸಾಲೆಯ ಹೊರಸಿನ ಮೇಲೆ ಕೂತು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದ. ನನ್ನಪ್ಪ ಅಮೋಘಸಿದ್ದಪ್ಪ ಕಡಿಮೆ ಮಾತಿನವನು, ಆದರೆ ಮಾಸ್ತರ ನೌಕರಿ, ಪುಸ್ತಕದ ಸುದ್ದಿಯನ್ನೆಲ್ಲ ಎರಡು ವರ್ಷದಿಂದ ನನ್ನ ಬಾಯಿಂದ ಕೇಳಿದವನು. ಬಾಗಿಲಲ್ಲಿ ನನ್ನನ್ನೂ ನನ್ನ ಹಿಂದಿದ್ದ ಮಾಸ್ತರನ್ನೂ ನೋಡಿ, "ಬರ್ರಿ, ಕೂಡ್ರಿ," ಎಂದ. ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ನಾಲಿಗೆಯ ತುದಿಯಲ್ಲಿ ನೂರು ಮಾತು ಕುಣಿಯುತ್ತಿದ್ದವು, ಒಂದನ್ನೂ ಆಡಲಿಲ್ಲ. ಇದು ಮಾಸ್ತರು ಆಡಬೇಕಾದ ಮಾತು.

ಅವರು ಕೂರಲಿಲ್ಲ, ನಿಂತೇ ಹೇಳಿದರು.

"ನಿಮ್ಮ ಮಗಳನ್ನ ಕೇಳಾಕ ಬಂದೇನ್ರಿ."

ಅಪ್ಪನ ಅಡಕೊತ್ತು ನಿಂತಿತು. "ನೌಕರಿ ಕಾಯಂ ಆತೇನ್ರಿ?"

"ಇಲ್ರಿ."

"ಹೊಲಾ?"

"ಸಾಲಹಳ್ಳ್ಯಾಗ ಅಣ್ಣನ ಜೋಡಿ ಐತ್ರಿ. ಮಳಿ ನೀರಿಂದು."

"ಎರಡ ವರ್ಷಾತು ಪುಸ್ತಕಾ ಬರ್ಯಾಕತ್ತೀರಂತ, ಅದು?"

"ಹೊಸದಾಗಿ ಬರೀಬೇಕ್ರಿ. ಬರದದ್ದೆಲ್ಲಾ ತಪ್ಪ ಐತಿ."

"ಅಂದ್ರ ಯಾವುದೂ ತಯಾರಿಲ್ಲ."

"ಇಲ್ರಿ," ಎಂದರು ಮಾಸ್ತರು. "ತಯಾರಾದ ಮ್ಯಾಲ ಬರೂಣು ಅಂದ್ರ ಇವರು ಇರೂದಿಲ್ರಿ. ಅದಕ್ಕ ಹಿಂಗ ಬಂದೇನಿ."

ಅಪ್ಪ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡ. ಆಮೇಲೆ ನನ್ನ ಕಡೆ ತಿರುಗಿದ.

"ಏನವಾ? ಹೂಂ ಏನ, ಊಹೂಂ ಏನ?"

ಚಾಚಾನ ಮುಂದೆ ಅಷ್ಟೆಲ್ಲ ಮಾತಾಡಿದ್ದ ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು, ಮೆಲ್ಲಗೆ ಹೂಂ ಎಂದೆ.

"ನನಗ ಕೇಳಸ್ಲಿಲ್ರಿ," ಎಂದರು ಮಾಸ್ತರು.

"ಹೂಂ ಅಂದೆನಲ್ರೀ!" ಎಂದು ಕೂಗಿದೆ. "ಎಷ್ಟ ಸಲ ಹೇಳಬೇಕು ನಿಮಗ!"